ಫೀಟ್ ಒಂದೇ ಯಾಕೆ? ಮುಕ್ತ ಪರವಾನಗಿಯೂ ಟೇಬಲ್‌ಟಾಪ್ ಆಟಗಳೂ

ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯ ಮುಕ್ತ ನಿಯಮಸಂಗ್ರಹ ಎಸ್‌ಆರ್‌ಡಿ 5.1 ತೆರೆದು ನೋಡಿ. ಹನ್ನೆರಡು ಕ್ಲಾಸ್‌ಗಳಿವೆ (ಪಾತ್ರದ ವೃತ್ತಿಗಳು), ಆದರೆ ಒಂದೊಂದಕ್ಕೂ ಒಂದೇ ಸಬ್‌ಕ್ಲಾಸ್ (ಅದರ ಒಳಕವಲು). ಪಾತ್ರದ ಹಿನ್ನೆಲೆ ಹೇಳುವ ಬ್ಯಾಕ್‌ಗ್ರೌಂಡ್ ಒಂದೇ, ಅಕೊಲೈಟ್. ಫೀಟೂ (ಪಾತ್ರಕ್ಕೆ ಸಿಗುವ ವಿಶೇಷ ಸಾಮರ್ಥ್ಯ) ಒಂದೇ, ಗ್ರ್ಯಾಪ್ಲರ್. ಹೊರಗಿನ ಪ್ರಕಾಶಕರು ಸಬ್‌ಕ್ಲಾಸ್, ಫೀಟುಗಳನ್ನು ರಾಶಿ ಹಾಕುವುದು ಸುಮ್ಮನೆ ಅಲ್ಲ: ಖಾಲಿ ಬಿಟ್ಟ ಜಾಗ ಅದೇ. ಡಿ20 (ಇಪ್ಪತ್ತು ಮುಖದ ದಾಳ) ಉರುಳಿಸಿ ಮಾಡಿಫೈಯರ್ (ಪಾತ್ರದ ಸಾಮರ್ಥ್ಯದ ಅಂಕ) ಕೂಡಿಸುವ ಮೂಲ ಚೌಕಟ್ಟನ್ನು ಮುಟ್ಟಲು ಹೆಚ್ಚಿನವರು ಹಿಂಜರಿಯುತ್ತಾರೆ. ಅದು ಬದಲಾದರೆ ಓದುಗರ ಬಳಿ ಈಗಾಗಲೇ ಇರುವ ಪುಸ್ತಕಗಳ ಜೊತೆ ಹೊಂದುವುದಿಲ್ಲ.

ಅಮೆರಿಕದ ಕಾನೂನಿನಲ್ಲಿ ಆಟದ ವಿಧಾನಕ್ಕೆ ಹಕ್ಕುಸ್ವಾಮ್ಯವಿಲ್ಲ, ಅದನ್ನು ವಿವರಿಸಿದ ಬರಹಕ್ಕಿದೆ. ಇವೆರಡರ ನಡುವಿನ ಗೆರೆ ಎಲ್ಲಿದೆ ಎಂದು ಕೋರ್ಟಿಗೆ ಹೋಗಿ ತಿಳಿಯುವಷ್ಟು ದುಡ್ಡು ಸಣ್ಣ ಪ್ರಕಾಶಕರಿಗೆಲ್ಲಿ? 2000ದಲ್ಲಿ ಈ ಆಟದ ಪ್ರಕಾಶಕರಾದ ವಿಝರ್ಡ್ಸ್ ಆಫ್ ದ ಕೋಸ್ಟ್ ತಂದ ಓಜಿಎಲ್ 1.0ಎ ಎಂಬ ಮುಕ್ತ ಪರವಾನಗಿ ಆ ಭಯವನ್ನು ತೆಗೆಯಿತು. ಬದಲಿಗೆ ಷರತ್ತುಗಳನ್ನೂ ಹಾಕಿತು. ಬಿಹೋಲ್ಡರ್, ಮೈಂಡ್ ಫ್ಲೇಯರ್‌ಗಳಂಥ ರಾಕ್ಷಸಜೀವಿಗಳು ‘ಪ್ರಾಡಕ್ಟ್ ಐಡೆಂಟಿಟಿ’ (ಪ್ರಕಾಶಕರು ತಮಗೇ ಇಟ್ಟುಕೊಂಡದ್ದು), ಮುಟ್ಟುವಂತಿಲ್ಲ. ಬೇರೆಯವರ ಟ್ರೇಡ್‌ಮಾರ್ಕ್ ಹೆಸರಿಸಿ, ಅದಕ್ಕೆ ಹೊಂದುತ್ತದೆ ಎಂದು ಅನುಮತಿಯಿಲ್ಲದೆ ಹೇಳುವಂತಿಲ್ಲ.

ಹೆಚ್ಚು ಜನ ಎಡವುವುದು ಓಜಿಎಲ್‌ನ 15ನೇ ವಿಭಾಗದಲ್ಲಿ, ಅಂದರೆ ಹಕ್ಕುಸ್ವಾಮ್ಯ ಸೂಚನೆಗಳ ಪಟ್ಟಿಯಲ್ಲಿ. ನೀವು ಪಠ್ಯ ತೆಗೆದುಕೊಂಡ ಪ್ರತಿ ಪುಸ್ತಕದ 15ನೇ ವಿಭಾಗವನ್ನೂ ಅಕ್ಷರಶಃ ನಕಲು ಮಾಡಿ, ಕೊನೆಗೆ ನಿಮ್ಮದನ್ನು ಸೇರಿಸಬೇಕು. ನಾಲ್ಕನೇ ತಲೆಮಾರಿನ ಪುಸ್ತಕಕ್ಕೆ ಬರುವಾಗ ಅದು ಒಂದು ವಂಶಾವಳಿಯೇ. ನಡುವೆ ಒಬ್ಬರು ಒಂದು ಸಾಲು ಬಿಟ್ಟರೆ, ಅವರಿಂದ ತೆಗೆದುಕೊಂಡವರೆಲ್ಲರ ಪಟ್ಟಿಯೂ ತಪ್ಪು. ಇನ್ನೊಂದು ತಲೆನೋವು, ಯಾವುದು ಮುಕ್ತ ಎಂದು ಸ್ಪಷ್ಟವಾಗಿ ಗುರುತಿಸದ ಪುಸ್ತಕ; ಅದರಿಂದ ಏನನ್ನೂ ಧೈರ್ಯವಾಗಿ ಎತ್ತಿಕೊಳ್ಳಲಾಗದು.

ಆದರೂ ಹಳೆಯ ಆವೃತ್ತಿಗಳು ಸಾಯದೆ ಉಳಿದದ್ದು ಇದರಿಂದಲೇ. ಮೊದಲ ಆವೃತ್ತಿಯ ಶೈಲಿಯ ಓಸ್ರಿಕ್ ಎಂಬ ನಿಯಮಪುಸ್ತಕ 2006ರಲ್ಲಿ ಬಂತು. 2008ರ ನಾಲ್ಕನೇ ಆವೃತ್ತಿಗೆ ಬಿಗಿಯಾದ ಜಿಎಸ್‌ಎಲ್ ಪರವಾನಗಿ ಹಾಕಿದಾಗ, ಪೈಝೋ ಎಂಬ ಪ್ರಕಾಶನ ಸಂಸ್ಥೆ ಹಿಂದಿನ 3.5 ಆವೃತ್ತಿಯ ನಿಯಮಗಳ ಮೇಲೆ 2009ರಲ್ಲಿ ಪಾಥ್‌ಫೈಂಡರ್ ಆಟ ಕಟ್ಟಿತು.

ಓಜಿಎಲ್‌ನಲ್ಲಿ ‘ಶಾಶ್ವತ’ ಎಂದಿತ್ತು, ‘ಹಿಂತೆಗೆದುಕೊಳ್ಳಲಾಗದು’ ಎಂದಿರಲಿಲ್ಲ. ಆ ಬಿರುಕು ಬಯಲಾದದ್ದು 2023ರ ಜನವರಿಯಲ್ಲಿ, ಹಳೆಯದರ ಬದಲಿಗೆ ತರಲಿದ್ದ ಹೊಸ 1.1ರ ಕರಡು ಸೋರಿಕೆಯಾದಾಗ: 7,50,000 ಡಾಲರ್ ಮೀರಿದ ವರಮಾನದ ಮೇಲೆ 25% ವರೆಗೆ ರಾಯಲ್ಟಿ. ಗದ್ದಲದ ನಂತರ ಅದೇ ತಿಂಗಳು 27ರಂದು ಎಸ್‌ಆರ್‌ಡಿ 5.1 ಕ್ರಿಯೇಟಿವ್ ಕಾಮನ್ಸ್ ಬೈ 4.0 (ಮೂಲವನ್ನು ಹೆಸರಿಸಿ ಬಳಸಬಹುದಾದ ಮುಕ್ತ ಪರವಾನಗಿ) ಅಡಿ ಹೊರಬಂತು. ಪೈಝೋ ಮಾತ್ರ ಕಾಯಲಿಲ್ಲ. ಓಆರ್‌ಸಿ ಎಂಬ ಬೇರೆ ಮುಕ್ತ ಪರವಾನಗಿಗೆ ಹೋಗುವಾಗ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದ ಬಂದ ಅಲೈನ್‌ಮೆಂಟ್ (ಪಾತ್ರದ ಒಳಿತು-ಕೆಡುಕಿನ ಒಲವು) ಬಿಟ್ಟಿತು, ಮಂತ್ರಗಳ ಎಂಟು ಸ್ಕೂಲ್‌ಗಳನ್ನು (ವರ್ಗಗಳನ್ನು) ಬಿಟ್ಟಿತು, ಮ್ಯಾಜಿಕ್ ಮಿಸೈಲ್ ಮಂತ್ರ ‘ಫೋರ್ಸ್ ಬರಾಜ್’ ಆಯಿತು. ಪರವಾನಗಿಯ ಜಗಳ ಆಟಗಾರರ ಕ್ಯಾರೆಕ್ಟರ್ ಶೀಟ್‌ವರೆಗೂ ಬಂದದ್ದು ಹೀಗೆ. ನನ್ನ ಮಟ್ಟಿಗೆ ಅಲೈನ್‌ಮೆಂಟ್ ಹೋದದ್ದು ಒಳ್ಳೆಯದೇ.

ಈಗ ಹೊಸದಾಗಿ ಬರೆಯುವವರು ಎಸ್‌ಆರ್‌ಡಿಯ ಬೈ 4.0 ಪ್ರತಿಯನ್ನೇ ಬಳಸಿ. ಅದರಲ್ಲಿ ಕೊಟ್ಟಿರುವ ಕೃತಜ್ಞತಾ ವಾಕ್ಯವನ್ನು ಇದ್ದಂತೆಯೇ ಹಾಕಿ; ‘5ಇ ಕಂಪ್ಯಾಟಿಬಲ್’ (ಐದನೇ ಆವೃತ್ತಿಗೆ ಹೊಂದುತ್ತದೆ) ಎಂದು ಮುದ್ರಿಸಲು ಅಲ್ಲಿಯೇ ಒಪ್ಪಿಗೆ ಇದೆ. ನಿಮ್ಮ ಸ್ವಂತ ನಿಯಮಗಳೂ ಮುಂದಿನವರಿಗೆ ಮುಕ್ತವಾಗಿಯೇ ಉಳಿಯಬೇಕೆಂದಿದ್ದರೆ ಬೈ-ಎಸ್‌ಎ (ಅದೇ ಷರತ್ತಿನಲ್ಲಿ ಹಂಚಬೇಕೆನ್ನುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ) ಅಥವಾ ಓಆರ್‌ಸಿ ಆರಿಸಿ. ಎನ್‌ಸಿ (ವಾಣಿಜ್ಯ ಬಳಕೆ ಬೇಡ ಎನ್ನುವ ಷರತ್ತು) ಹಾಕಿದರೆ ನಿಮ್ಮ ಆಟಕ್ಕೆ ಸಾಹಸಕಥೆ ಬರೆದು ಮಾರುವವರು ಹತ್ತಿರ ಸುಳಿಯುವುದಿಲ್ಲ. ನಿಯಮಗಳು ಒಂದು ಫೈಲಿನಲ್ಲಿ, ಕಥಾಲೋಕ ಮತ್ತು ಪಾತ್ರಗಳ ಹೆಸರು ಇನ್ನೊಂದರಲ್ಲಿ ಇರಲಿ, ಮೊದಲ ಕರಡಿನಿಂದಲೇ. ಪುಸ್ತಕ ಮುಗಿದ ಮೇಲೆ ಬೇರ್ಪಡಿಸಲು ಕೂತರೆ ಒಂದೊಂದು ಮಂತ್ರದ ವಿವರಣೆಯಲ್ಲೂ ಒಬ್ಬ ರಾಜನ ಹೆಸರು ಸಿಕ್ಕಿಕೊಂಡಿರುತ್ತದೆ.