ಗದ್ದದ ಕೆಳಗಿನ ಹೊಲಿಗೆ

"ಚಿಕ್ಕವಳಿದ್ದಾಗ ಬಿದ್ದಿದ್ದಳಾ?" ಡಾಕ್ಟರ್ ಕೇಳಿದ್ದು ಇಷ್ಟೇ. ಅಕ್ಕ ತಟ್ಟನೆ "ಇಲ್ಲ" ಅಂದಳು. ಅವಳ ಮಗಳು ಸುಮ್ನೆ ಕತ್ತೆತ್ತಿ ಗದ್ದದ ಕೆಳಗಿನ ಹೊಲಿಗೆ ಗುರುತು ತೋರಿಸಿದಳು. ಮಂಗಳವಾರದಿಂದ ನನಗೆ ಅದೇ ಧ್ಯಾನ.

ಅವಳ ಗದ್ದ ಬಲಕ್ಕೆ ವಾಲಿದೆ. ಅದಕ್ಕೆ ಎಷ್ಟು ಬೈಸಿಕೊಂಡಿದ್ದಾಳೋ! ಒಂದೇ ಕಡೆ ಜಗಿಯಬೇಡ, ಕೆನ್ನೆಗೆ ಕೈ ಕೊಟ್ಟು ಮಲಗಬೇಡ. ಮೊನ್ನೆ ನೋಡೋಕೆ ಬಂದವರು ಉಪ್ಪಿಟ್ಟು ತಿಂದು ಹೋಗಿ, "ಫೋಟೋದಲ್ಲಿ ಹಿಂಗೆ ಕಾಣಲಿಲ್ಲ" ಅಂತ ಫೋನ್ ಮಾಡಿದರು. ಆ ಹುಡುಗನ ಕಿವಿಗಳೂ ಒಂದೇ ಸಮ ಇರಲಿಲ್ಲ, ಅದು ಬೇರೆ ಮಾತು.

ದಾವಣಗೆರೆ ಎರಡು ಡೆಂಟಲ್ ಕಾಲೇಜಿರುವ ಊರು, ಹಲ್ಲಿನ ಡಾಕ್ಟರಿಗೆ ಬರವಿಲ್ಲ. ಮೊದಲು ತೆಗೆಸಿದ್ದ ಎಕ್ಸ್‌ರೇಯಲ್ಲಿ ಮೂಳೆ ಮೇಲೆ ಮೂಳೆ ಬಿದ್ದು ದವಡೆಯ ಕೀಲು ಸರಿಯಾಗಿ ಕಂಡಿರಲಿಲ್ಲ. ತಲೆ ಚೂರು ತಿರುಗಿದ್ದರೂ ಅದರಲ್ಲಿ ಎಡ ಬಲದ ಅಳತೆ ಕೆಡುತ್ತದಂತೆ. ಅದಕ್ಕೇ ಈ ಸಲ ಸಿಬಿಸಿಟಿ, ಅಂದರೆ ಹಲ್ಲು, ದವಡೆಯ ಮೂಳೆಯನ್ನು ಎಲ್ಲ ಕಡೆಯಿಂದ ತೋರಿಸುವ 3ಡಿ ಎಕ್ಸ್‌ರೇ ಸ್ಕ್ಯಾನ್. ಓಲೆ, ಮೂಗುಬೊಟ್ಟು ಬಿಚ್ಚಿಸಿದರು. ಯಂತ್ರ ತಲೆಯ ಸುತ್ತ ಒಂದು ಸುತ್ತು ಬಂತು, ಮುಗಿಯಿತು.

ಡಾಕ್ಟರ್ ಪರದೆ ಮೇಲೆ ತಲೆಬುರುಡೆಯನ್ನು ಬೇಕಾದ ಹಾಗೆ ತಿರುಗಿಸಿ ಕಿವಿಯ ಮುಂದಿನ ಕೀಲು ತೋರಿಸಿದರು. ಎಡಗಡೆ ಕೆಳದವಡೆಯ ತುದಿ ದುಂಡಗೆ, ಎತ್ತರಕ್ಕಿತ್ತು. ಬಲಗಡೆಯದು ಗಿಡ್ಡ, ಮೊಂಡು. ಗದ್ದ ನೆಲಕ್ಕೆ ಬಡಿದರೆ ಆ ಪೆಟ್ಟು ಮೇಲೆ ಹೋಗಿ ಕೀಲಿನ ಹತ್ತಿರ ಮೂಳೆ ಮುರಿಯಬಹುದು. ಮಕ್ಕಳಲ್ಲಿ ಎಷ್ಟೋ ಸಲ ಅದು ಗೊತ್ತೇ ಆಗುವುದಿಲ್ಲ. ಆ ಕಡೆ ಬೆಳವಣಿಗೆ ಕುಂಠಿತವಾದರೆ ಗದ್ದ ಅತ್ತಲೇ ವಾಲುತ್ತದೆ. ಒಂದು ಕಡೆಯ ತುದಿ ಜಾಸ್ತಿ ಬೆಳೆದರೆ ಎದುರು ಕಡೆಗೆ. ಈ ಸ್ಕ್ಯಾನ್‌ನಲ್ಲಿ ಚೆನ್ನಾಗಿ ಕಾಣುವುದು ಮೂಳೆ ಮಾತ್ರ, ಕೀಲಿನೊಳಗಿನ ಮೆತ್ತನೆ ಪದರ ನೋಡೋಕೆ ಎಂಆರ್‌ಐ ಬೇಕು.

ಹೊಲಿಗೆ ಹಾಕಿಸಿಕೊಂಡು ಬಂದವಳು ಅಕ್ಕನೇ. ಮರೆತಿದ್ದಳಾ? ನನಗೇನೋ ಹಾಗೆ ಅನ್ನಿಸಲ್ಲ. ಮಗು ಬಿತ್ತು ಅಂದರೆ ನೋಡಿಕೊಳ್ಳದ ತಾಯಿಯ ಮೇಲೆ ಮಾತು ಬರುತ್ತದೆ. ಅದಕ್ಕಿಂತ ಮಗಳ ಅಭ್ಯಾಸ ಸರಿಯಿಲ್ಲ ಅನ್ನೋದು ಸುಲಭ, ಅಲ್ವಾ? ಭಾವನನ್ನಂತೂ ಈ ವಿಷಯದಲ್ಲಿ ಯಾರೂ ಏನೂ ಕೇಳಿಲ್ಲ. ಕಾಲೇಜು ಗ್ರೂಪ್ ಫೋಟೋಗಳಲ್ಲೆಲ್ಲ ಹುಡುಗಿ ಒಂದೇ ಪಕ್ಕಕ್ಕೆ ತಿರುಗಿ ನಿಂತಿದ್ದಾಳೆ. ಯಾಕೆ ಅಂತ ನಾವ್ಯಾರೂ ಕೇಳಿದವರಲ್ಲ.

ಬೆಳವಣಿಗೆ ನಿಂತಿದೆಯಾ, ಹಲ್ಲು ಹೇಗೆ ಕೂರುತ್ತವೆ, ಬಾಯಿ ಎಷ್ಟು ತೆರೆಯುತ್ತದೆ ಎಲ್ಲ ನೋಡಿ ಆಪರೇಷನ್ ಮಾತು ಅಂದರು ಡಾಕ್ಟರ್. ಅಕ್ಕನಿಗೆ ಶ್ರಾವಣದೊಳಗೆ ಆಗಿಬಿಡಬೇಕು. ಹುಡುಗಿಗೆ ಎಂ.ಕಾಂ. ಪರೀಕ್ಷೆ ಮುಗಿಯಬೇಕು. ಸದ್ಯಕ್ಕೆ ಪರೀಕ್ಷೆಯೇ ಗೆದ್ದಿದೆ.