ಭಾನುವಾರದ ಪೆಲೆಟ್ ಡಬ್ಬಿ

ರಿಟೈರ್ ಆದ್ಮೇಲೆ ಪುಣೆಯ ಬಾಲೇವಾಡಿಲಿ 10 ಮೀಟರ್ ಏರ್ ಪಿಸ್ತೂಲ್, ಅಂದ್ರೆ ಗಾಳಿ ಒತ್ತಡದ ಪಿಸ್ತೂಲಿಂದ 10 ಮೀಟರ್ ದೂರದ ಗುರಿಗೆ ಹೊಡೆಯೋ ಆಟ, ಶುರು ಮಾಡ್ದೆ, ಈಗ ವಯಸ್ಸು 64. ಅಮೆರಿಕದಲ್ಲಿರೋ ನಮ್ಮ ಭಾವ ಹಾರಿಸಿದ ಗುಂಡಿನ ಖಾಲಿ ಕೇಸ್‌ಗಳಿಗೆ (ಲೋಹದ ಕವಚ) ಹೊಸ ಪ್ರೈಮರ್ (ಕಿಡಿ ಹೊತ್ತಿಸೋ ಭಾಗ), ಪೌಡರ್, ಬುಲೆಟ್ ಹಾಕಿ 9 ಎಂಎಂ ಗುಂಡು ರೀಲೋಡ್ ಮಾಡ್ತಾರೆ, ಬುಲೆಟ್ ಕೂರಿಸೋಕೆ ಮುಂಚೆ ಪ್ರತಿ ಕೇಸೊಳಗೂ ಟಾರ್ಚ್ ಬಿಟ್ಟು ನೋಡ್ತಾರೆ, ಪೌಡರ್ ಎರಡು ಸಲ ಬಿದ್ದಿದ್ರೆ ಪಿಸ್ತೂಲೇ ಸಿಡಿದು ಹೋಗಬಹುದು. ಇಲ್ಲಿ ಲೈಸೆನ್ಸ್ ಇಲ್ದೆ ಗುಂಡು ತಯಾರಿಸೋ ಹಾಗಿಲ್ಲ, 1959ರ ಆರ್ಮ್ಸ್ ಆಕ್ಟ್ ಇದೆ, ಇರ್ಲೇಬೇಕು.

ನನ್ನದು ಸುಮಾರು ಅರ್ಧ ಗ್ರಾಂನ 4.5 ಎಂಎಂ ಪೆಲೆಟ್, ಏರ್ ಪಿಸ್ತೂಲಿಗೆ ಹಾಕೋ ಪುಟ್ಟ ಗುಂಡು. ಭಾನುವಾರ ಬೆಳಗ್ಗೆ ಬಿಳಿ ಬಟ್ಟೆ ಮೇಲೆ ಹರಡಿ, ಅಂಚು ಸೊಟ್ಟಗಾದವನ್ನ ಅಕ್ಕೀಲಿ ಕಲ್ಲು ಆರಿಸಿದ ಹಾಗೆ ಆರಿಸಿ ತೆಗೀತೀನಿ, ಸೀಸ ಅಲ್ವಾ, ಸೋಪು ಹಚ್ಚಿ ಕೈ ತೊಳೀದೆ ಕಾಫಿ ಲೋಟ ಮುಟ್ಟಲ್ಲ. ಆ ಒಂದು ಗಂಟೆ ತಲೇಲಿ ಬೇರೇನೂ ಇರಲ್ಲ, ಅದೇ ನಂಗೆ ತುಂಬಾ ಇಷ್ಟ.