ಒಂದೇ ವಿಸಿಆರ್, ಮೂರು ಟಿವಿ

10 ನವೆಂಬರ್ 2024, ಭಾನುವಾರ
ಕುವೆಂಪುನಗರ, ಮೈಸೂರು

ನಾದಿನಿಯ ಮಗಳ ನಿಶ್ಚಿತಾರ್ಥಕ್ಕೆಂದು ಬಂದಿದ್ದ ನೆಂಟರಲ್ಲಿ ಅರ್ಧದಷ್ಟು ಮಂದಿ ಇಂದು ಸಂಜೆಯವರೆಗೂ ನಮ್ಮ ಮನೆಯಲ್ಲೇ ಉಳಿದಿದ್ದರು. 1993ರಲ್ಲಿ ನಡೆದ ನಾದಿನಿಯ ಮದುವೆಯ ಕ್ಯಾಸೆಟ್ಟನ್ನು ಎಲ್ಲರಿಗೂ ತೋರಿಸಬೇಕೆಂದು ಹೋದ ವಾರವೇ ಮಾತಾಗಿತ್ತು. ಸೊಂಟದ ಶಸ್ತ್ರಚಿಕಿತ್ಸೆಯಾದ ಮೇಲೆ ಎರಡು ತಿಂಗಳಿಂದ ಹಾಸಿಗೆ ಹಿಡಿದಿರುವ ಅತ್ತೆಯವರು ಕೋಣೆ ಬಿಟ್ಟು ಬರುವಂತಿಲ್ಲ. ಆ ಕೋಣೆಯಲ್ಲಿ ನಾಲ್ವರು ಕುಳಿತರೆ ಐದನೆಯವರು ಬಾಗಿಲಲ್ಲಿ ನಿಲ್ಲಬೇಕು. ಮಹಡಿಯ ಮೇಲೆ ಹುಡುಗರ ದಂಡು ಬೇರೆ. ಹೀಗಾಗಿ ನಡುಮನೆಯಲ್ಲಿರುವ ಒಂದೇ ವಿಸಿಆರ್‌ನಿಂದ ಮನೆಯ ಮೂರೂ ಟಿವಿಗಳಲ್ಲಿ ಏಕಕಾಲಕ್ಕೆ ಚಿತ್ರ ಬರುವಂತೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮನೆಯಲ್ಲಿ ಸ್ಕ್ರೂಡ್ರೈವರ್ ಎಲ್ಲಿದೆ ಎಂದು ತಿಳಿದಿರುವುದು ನನಗೊಬ್ಬಳಿಗೇ ಆದ್ದರಿಂದ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಈ ವಿಸಿಆರ್ ನಮ್ಮ ಯಜಮಾನರ ಸೋದರಮಾವ 1989ರಲ್ಲಿ ದುಬೈನಿಂದ ಹೊತ್ತು ತಂದದ್ದು. ಜಪಾನಿನ ಫುನಾಯ್ ಕಂಪನಿಯು 2016ರ ಜುಲೈನಲ್ಲಿ ತಯಾರಿಕೆಯನ್ನು ನಿಲ್ಲಿಸಿದ ಮೇಲೆ ಹೊಸ ವಿಸಿಆರ್ ಎಂಬುದೇ ಇಲ್ಲವಾದ್ದರಿಂದ, ಇದನ್ನು ನಾನು ತುಸು ಹೆಚ್ಚೇ ಜೋಪಾನ ಮಾಡುತ್ತೇನೆ. ಅದರ ಬೆನ್ನಿನಲ್ಲಿ ಎರಡು ಬಗೆಯ ಕಿಂಡಿಗಳಿವೆ. ಒಂದು ಬಗೆ ಚಿತ್ರವನ್ನೂ ಧ್ವನಿಯನ್ನೂ ಬೇರೆ ಬೇರೆಯಾಗಿ, ಇದ್ದದ್ದನ್ನು ಇದ್ದಂತೆ ಕೊಡುವ ಎವಿ ಔಟ್. ಇನ್ನೊಂದು ಆರ್‌ಎಫ್ ಔಟ್. ಒಳಗಿರುವ ಮಾಡ್ಯುಲೇಟರ್ ಚಿತ್ರ ಮತ್ತು ಧ್ವನಿಗಳೆರಡನ್ನೂ ಒಂದು ಟಿವಿ ಚಾನೆಲ್ಲಿನ ತರಂಗದ ಮೇಲೆ ಕೂರಿಸಿ ಒಂದೇ ವೈರಿನಲ್ಲಿ ಹೊರಗೆ ಕಳಿಸುತ್ತದೆ, ಅಂದರೆ ವಿಸಿಆರ್ ತಾನೇ ಒಂದು ಪುಟ್ಟ ದೂರದರ್ಶನ ಕೇಂದ್ರವಾಗುತ್ತದೆ. ಎರಡೂ ಕಿಂಡಿಗಳಿಂದ ಒಟ್ಟಿಗೇ ಚಿತ್ರ ಹೊರಡುತ್ತಿರುತ್ತದೆ ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. ನನಗೂ ಹೊಳೆದದ್ದು ಮೊನ್ನೆ ಶುಕ್ರವಾರ ಒಂದು ತಪ್ಪು ಮಾಡಿದ ಮೇಲೆಯೇ.

ಎವಿ ಔಟ್‌ನ ಹಳದಿ ಪಿನ್ನಿಗೆ ಕವಲು ವೈರು ಹಾಕಿ, ಒಂದು ಕವಲನ್ನು ನಡುಮನೆಯ ಟಿವಿಗೂ ಇನ್ನೊಂದನ್ನು ಅತ್ತೆಯವರ ಕೋಣೆಗೂ ಎಳೆದಿದ್ದೆ. ಎರಡರಲ್ಲೂ ಚಿತ್ರ ಬಂತು, ಆದರೆ ಮೋಡ ಕವಿದ ದಿನದ ಮುಹೂರ್ತದಂತೆ ಮಂಕಾಗಿ ಬಂತು. ಕಾರಣ ಸರಳ. ಎವಿ ಔಟ್ ಒಂದು ವೋಲ್ಟಿನ ಚಿತ್ರಸಂಕೇತವನ್ನು 75 ಓಮ್ ವಿದ್ಯುತ್ ತಡೆಯ ಒಂದೇ ಟಿವಿಗೆ ಕೊಡಲೆಂದು ಮಾಡಿರುವಂಥದು; ಎರಡು ಟಿವಿಗಳನ್ನು ಪಕ್ಕಪಕ್ಕದಲ್ಲಿ ಕಟ್ಟಿದರೆ ಅದಕ್ಕೆ ಕಾಣುವುದು 37.5 ಓಮ್, ಆಗ ವೋಲ್ಟೇಜು ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಮೂರನೆಯದನ್ನೂ ಸೇರಿಸಿದರೆ ಅರ್ಧಕ್ಕೆ ಇಳಿಯುತ್ತದೆ. ನಡುವೆ ಪ್ರತಿಯೊಂದಕ್ಕೂ ಪ್ರತ್ಯೇಕ ಸಂಕೇತ ಕೊಡುವ ಆಂಪ್ಲಿಫೈಯರ್ ಇಡದೆ ಎವಿ ವೈರನ್ನು ಹಂಚುವ ಹಾಗಿಲ್ಲ.

ಅಂಗಡಿಯವರು ಎವಿಯನ್ನು ಹೊಸ ಟಿವಿಗಳ ಕಿಂಡಿಯಾದ ಎಚ್‌ಡಿಎಂಐಗೆ ಬದಲಿಸುವ ಡಬ್ಬಿಯನ್ನೂ ಒಂದೇ ಸಂಕೇತವನ್ನು ಹಲವು ವೈರುಗಳಿಗೆ ಹಂಚುವ ಎಚ್‌ಡಿಎಂಐ ಸ್ಪ್ಲಿಟರನ್ನೂ ತೋರಿಸಿದರು. ಮಹಡಿಗೆ ಹೋಗುವ ದಾರಿಯ ಉದ್ದಕ್ಕೆ ಸಾಮಾನ್ಯ ಎಚ್‌ಡಿಎಂಐ ಕೇಬಲ್ ನಂಬಿಕೆಗೆ ಯೋಗ್ಯವಲ್ಲ. ಅತ್ತೆಯವರ ಕೋಣೆಯಲ್ಲಿರುವ 21 ಇಂಚಿನ ಹಳೆಯ ದಪ್ಪ ಟಿವಿಗಂತೂ ಆ ಕಿಂಡಿಯೇ ಇಲ್ಲ. ಅಡ್ಡವಾಗಿ ಸುಮಾರು 240 ಗೆರೆಗಳಷ್ಟೇ ವಿವರ ಹಿಡಿಯುವ ವಿಎಚ್‌ಎಸ್ ಟೇಪಿಗೆ ಅಷ್ಟೆಲ್ಲ ಖರ್ಚು ಮಾಡಲು ನನಗೆ ಮನಸ್ಸಾಗಲಿಲ್ಲ.

ಆಗ ನೆನಪಾದದ್ದು ಮೆಟ್ಟಿಲ ಕೆಳಗಿನ ಪೆಟ್ಟಿಗೆ. ಅನಲಾಗ್ ಕೇಬಲ್ಲಿನ ಕಾಲದಲ್ಲಿ ತಾರಸಿಯಿಂದ ಇಳಿದ ವೈರು ಆ ಪೆಟ್ಟಿಗೆಯ ಸ್ಪ್ಲಿಟರಿಗೆ ಬಂದು, ಅಲ್ಲಿಂದ ಗೋಡೆಯೊಳಗಿನ ಪೈಪುಗಳಲ್ಲಿ ನಡುಮನೆ, ಕೋಣೆ, ಅಡುಗೆಮನೆ, ಮಹಡಿ ಎಂದು ನಾಲ್ಕು ದಿಕ್ಕಿಗೆ ಹೋಗಿತ್ತು. ಬೆಂಗಳೂರು, ಮೈಸೂರು ಸೇರಿದಂತೆ 38 ನಗರಗಳಲ್ಲಿ ಕೇಬಲ್ ಡಿಜಿಟಲ್ ಆಗಲು 2013ರ ಮಾರ್ಚ್ 31ರ ಗಡುವು ಬಂದು, ಟಿವಿಗೊಂದು ಸೆಟ್‌ಟಾಪ್ ಬಾಕ್ಸ್ ಬೇಕಾದ ಮೇಲೆ ನಾವು ಡಿಶ್ ಹಾಕಿಸಿಕೊಂಡೆವು; ಗೋಡೆಯೊಳಗಿನ ಆ ವೈರುಗಳನ್ನು ಮತ್ತೆ ಯಾರೂ ಕೇಳಲಿಲ್ಲ. ಆರ್‌ಎಫ್‌ಗೆ ಬೇಕಾದದ್ದು ಅದೇ 75 ಓಮ್‌ನ ವೈರು. ಒಂದೇ ತೊಡಕೆಂದರೆ ಆಗ ಸಂಕೇತ ತಾರಸಿಯಿಂದ ನಡುಮನೆಗೆ ಬರುತ್ತಿತ್ತು, ಈಗ ನಡುಮನೆಯಿಂದಲೇ ಹೊರಡಬೇಕು. ವೈರಿಗೆ ದಿಕ್ಕಿನ ಹಂಗಿಲ್ಲ, ಸ್ಪ್ಲಿಟರಿಗೆ ಇದೆ. ಆದ್ದರಿಂದ ತಾರಸಿಯ ವೈರನ್ನು ಪೂರ್ತಿ ಬಿಚ್ಚಿ, ನಡುಮನೆಯ ವೈರನ್ನು ಸ್ಪ್ಲಿಟರಿನ ಒಳಬಾಯಿಗೆ ಹಾಕಿ, ಕೋಣೆಯದನ್ನೂ ಮಹಡಿಯದನ್ನೂ ಹೊರಬಾಯಿಗಳಲ್ಲಿ ಉಳಿಸಿದೆ. ನಡುಮನೆಯ ಟಿವಿ ವಿಸಿಆರ್‌ನ ಪಕ್ಕದಲ್ಲೇ ಇರುವುದರಿಂದ ಅದಕ್ಕೆ ಎವಿ ವೈರೇ ಸಾಕಾಯಿತು. ತಾರಸಿಯ ವೈರನ್ನು ಬಿಚ್ಚುವುದನ್ನು ಮರೆಯಬಾರದು. ಅದರ ತುದಿಯಲ್ಲಿ ಹಳೆಯ ಆಂಟೆನಾ ಏನಾದರೂ ಉಳಿದಿದ್ದರೆ ನಮ್ಮ ಮನೆಯ ಮದುವೆ ಪಕ್ಕದ ಮನೆಯ ಟಿವಿಯಲ್ಲಿಯೂ ನಡೆದೀತು.

ಶನಿವಾರ ಬೆಳಿಗ್ಗೆ ಎಲ್ಲವನ್ನೂ ಜೋಡಿಸಿ ವಿಸಿಆರ್‌ನ ಬೆನ್ನಿನಲ್ಲಿರುವ ಟೆಸ್ಟ್ ಸ್ವಿಚ್ಚನ್ನು ಒತ್ತಿದೆ. ಹಾಗೆ ಮಾಡಿದರೆ ಕ್ಯಾಸೆಟ್ ಇಲ್ಲದೆಯೇ ಕಪ್ಪು ತೆರೆಯ ಮೇಲೆ ಎರಡು ಬಿಳಿ ಪಟ್ಟೆಗಳು ಹೊರಡುತ್ತವೆ, ಟಿವಿಯಲ್ಲಿ ಚಾನೆಲ್ ಹುಡುಕುವುದು ಸುಲಭವಾಗುತ್ತದೆ. ನಮ್ಮದು ಯುಎಚ್‌ಎಫ್‌ನ 36ನೆಯ ಚಾನೆಲ್ಲು, ಅಂದರೆ 591.25 ಮೆಗಾಹರ್ಟ್ಸ್; ಬೇಕಾದರೆ ಹಿಂಬದಿಯ ಸಣ್ಣ ತಿರುಪನ್ನು ತಿರುಗಿಸಿ ಅತ್ತಿತ್ತ ಸರಿಸಬಹುದು. ಅತ್ತೆಯವರ ಟಿವಿಯಲ್ಲಿ ಪಟ್ಟೆಗಳು ಬಂದವು. ಮಹಡಿಯ ಟಿವಿಯಲ್ಲಿ ಏನೂ ಇಲ್ಲ. ಅರ್ಧ ಗಂಟೆ ಟಿವಿಯನ್ನು ಶಪಿಸಿದ ಮೇಲೆ ಪೆಟ್ಟಿಗೆಯ ಬಳಿ ಟಾರ್ಚ್ ಹಿಡಿದು ಕುಳಿತು ಮಹಡಿಯ ವೈರಿನ ಪಿನ್ನನ್ನು ಬಿಚ್ಚಿ ನೋಡಿದೆ. ಹೊರಗಿನ ಜಾಲರಿಯ ಒಂದು ಎಳೆ, ತಲೆಗೂದಲಿಗಿಂತ ದಪ್ಪವಿಲ್ಲದ್ದು, ಬಾಗಿ ಬಂದು ನಡುವಿನ ತಾಮ್ರದ ಕಡ್ಡಿಗೆ ತಾಗಿಕೊಂಡಿತ್ತು. ವೈರಿನ ತುದಿಯನ್ನು ಒಂದಿಂಚು ಕತ್ತರಿಸಿ, ಹೊರಪದರವನ್ನು ಬ್ಲೇಡಿನಿಂದ ಸುತ್ತಲೂ ಕೊಯ್ದು, ಜಾಲರಿಯನ್ನು ಹಿಂದಕ್ಕೆ ಮಡಚಿ, ಬಿಳಿಯ ನಿರೋಧಕವನ್ನು ತೆಗೆದು, ಕಡ್ಡಿ ಎರಡು ಮಿಲಿಮೀಟರಿನಷ್ಟು ಹೊರಗೆ ಕಾಣುವಂತೆ ಹೊಸ ಪಿನ್ ಹಾಕಿದೆ. ಪಟ್ಟೆಗಳು ಬಂದವು.

ಆಮೇಲೆ ಕ್ಯಾಸೆಟ್ ಹಾಕಿದರೆ ಮಹಡಿಯಲ್ಲಿ ಚಿತ್ರವಿದೆ, ಧ್ವನಿಯಿಲ್ಲ, ಬರಿಯ ಮೊರೆತ. ಟಿವಿಯ ಅನಲಾಗ್ ಸೆಟ್ಟಿಂಗಿನಲ್ಲಿ ಧ್ವನಿಪದ್ಧತಿ ಡಿಕೆ ಎಂದು ನಿಂತಿತ್ತು. ದುಬೈಯಲ್ಲಿಯೂ ನಮ್ಮ ದೇಶದಲ್ಲಿಯೂ ಇದ್ದದ್ದು ಪಾಲ್ ಬಿಜಿ ಎಂಬ ಪ್ರಸಾರಪದ್ಧತಿ. ಅದರಲ್ಲಿ ಧ್ವನಿಯು ಚಿತ್ರದ ತರಂಗಕ್ಕಿಂತ 5.5 ಮೆಗಾಹರ್ಟ್ಸ್ ಮೇಲಿರುತ್ತದೆ, ಡಿಕೆಯಲ್ಲಿ 6.5. ಸೆಟ್ಟಿಂಗ್ ಬದಲಿಸಿದ ಕೂಡಲೇ ನಾದಸ್ವರ ಕೇಳಿತು. ಅಂದು ದುಬೈ ಬಿಟ್ಟು ಇಂಗ್ಲೆಂಡಿನಿಂದ ವಿಸಿಆರ್ ತಂದಿದ್ದವರು 6 ಮೆಗಾಹರ್ಟ್ಸಿನ ಧ್ವನಿಯಿಂದಾಗಿ ಇಲ್ಲಿನ ಟಿವಿಗಳಲ್ಲಿ ಮೂಕಿಚಿತ್ರವನ್ನೇ ನೋಡಬೇಕಾಗುತ್ತಿತ್ತು.

ಕೊನೆಯ ತಕರಾರು ಅತ್ತೆಯವರದು. “ನೋಡಮ್ಮ, ಎಲ್ಲರ ಮುಖದ ಮೇಲೂ ರವೆ ಉದುರಿದ ಹಾಗಿದೆ” ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು, ಮುಖಗಳ ಅಂಚಿಗೆ ತೆಳ್ಳನೆಯ ನೆರಳೂ ಸೇರಿಕೊಂಡಿತ್ತು. ಪೆಟ್ಟಿಗೆಯಲ್ಲಿದ್ದದ್ದು ನಾಲ್ಕು ಬಾಯಿಯ ಸ್ಪ್ಲಿಟರ್. ಅದು ಬಂದ ಶಕ್ತಿಯನ್ನು ನಾಲ್ಕು ಪಾಲು ಮಾಡುವುದರಿಂದ ಪ್ರತಿಯೊಂದು ಬಾಯಿಯಲ್ಲೂ ಸುಮಾರು 7 ಡೆಸಿಬಲ್ ಕಡಿಮೆಯಾಗುತ್ತದೆ, ಬಳಸದ ಎರಡು ಬಾಯಿಗಳ ಪಾಲೂ ವ್ಯರ್ಥವಾಗಿ ಹೋಗುತ್ತದೆ. ಜೊತೆಗೆ ಟಿವಿಯಿಲ್ಲದ ಅಡುಗೆಮನೆಯ ವೈರು ಇನ್ನೂ ಒಂದು ಬಾಯಿಗೆ ಅಂಟಿಕೊಂಡಿದ್ದು, ಅದರ ತೆರೆದ ತುದಿಯವರೆಗೆ ಹೋದ ಸಂಕೇತ ಮರಳಿ ಬಂದು ನೆರಳಾಗುತ್ತಿತ್ತು. ಬಳಸದ ಬಾಯಿಗಳಿಗೆ 75 ಓಮ್‌ನ ಮುಚ್ಚಳ ಹಾಕಿದ ಮೇಲೆ ನೆರಳು ಹೋಯಿತು, ರವೆ ಉಳಿಯಿತು. ಅಂಗಡಿಯವರು ಬೂಸ್ಟರ್ ಹಾಕಿ ಎಂದಿದ್ದರು. ಬೂಸ್ಟರನ್ನು ಟಿವಿಯ ಬಳಿ ಇಟ್ಟರೆ ಅದು ಚಿತ್ರದೊಡನೆ ರವೆಯನ್ನೂ ಹಿಗ್ಗಿಸುತ್ತದೆ. ಇಡುವುದೇ ಆದರೆ ಹಂಚುವ ಮೊದಲು ಇಡಬೇಕು. ನಾನು ಅದರ ಬದಲು ಎರಡು ಬಾಯಿಯ ಸ್ಪ್ಲಿಟರ್ ತಂದೆ. ನಷ್ಟ ಮೂರೂವರೆ ಡೆಸಿಬಲ್ಲಿಗೆ ಇಳಿದು, ಇಪ್ಪತ್ತು ಮೀಟರ್ ವೈರು ತಿನ್ನುವ ಮೂರು ನಾಲ್ಕು ಡೆಸಿಬಲ್ಲನ್ನು ತಾಳಿಕೊಳ್ಳುವಷ್ಟು ಸಂಕೇತ ಉಳಿಯಿತು. ಅತ್ತೆಯವರು ಎರಡನೆಯ ಬಾರಿ ರವೆಯ ಮಾತೆತ್ತಲಿಲ್ಲ.

ಒಂದು ವಿಸಿಆರ್‌ನಿಂದ ಹಲವು ಟಿವಿಗಳಿಗೆ ಎಂಬುದು ನಮ್ಮ ದೇಶದಲ್ಲಿ ಕೇವಲ ಮನೆಯೊಳಗಿನ ಉಪಾಯವಾಗಿ ಉಳಿಯಲಿಲ್ಲ. 1982ರ ಏಷ್ಯಾಡ್ ಹೊತ್ತಿಗೆ ಬಣ್ಣದ ಟಿವಿ ಬಂದು ವಿಸಿಆರ್‌ಗಳೂ ಹೆಚ್ಚಿದ ಮೇಲೆ, ದೊಡ್ಡ ನಗರಗಳ ಬಹುಮಹಡಿ ಕಟ್ಟಡಗಳಲ್ಲಿ ಒಂದೆಡೆ ವಿಸಿಆರ್ ಇಟ್ಟು ಮನೆಮನೆಗೆ ವೈರು ಎಳೆದವರೇ ಮೊದಲ ಕೇಬಲ್‌ನವರು. ಉಪಗ್ರಹದ ಚಾನೆಲ್ಲುಗಳು ಆ ವೈರಿನೊಳಗೆ ಹೊಕ್ಕಿದ್ದು 1991ರ ಕೊಲ್ಲಿ ಯುದ್ಧದಿಂದ ಈಚೆಗೆ, ಕೇಬಲ್ ಕಾಯ್ದೆ ಬಂದದ್ದು 1995ರಲ್ಲಿ. ನಾನು ನಿನ್ನೆ ಮೆಟ್ಟಿಲ ಕೆಳಗೆ ಮಾಡಿದ್ದು ಅವರ ಕಸುಬನ್ನೇ, ತಿಂಗಳ ಬಾಡಿಗೆ ವಸೂಲಿ ಒಂದನ್ನು ಬಿಟ್ಟು.

ಇಂದು ಊಟವಾದ ಮೇಲೆ ಮೂರು ಕಡೆಯೂ ಮದುವೆ ಶುರುವಾಯಿತು. ಈ ಏರ್ಪಾಟಿನಲ್ಲಿ ಎಲ್ಲರೂ ನೋಡಬೇಕಾದದ್ದು ಒಂದನ್ನೇ. ಮಹಡಿಯ ಹುಡುಗರಿಗೆ ಬೇಸರವಾದರೆ ಅವರು ಟಿವಿ ಆರಿಸಬಹುದೇ ಹೊರತು ಕ್ಯಾಸೆಟ್ಟನ್ನು ಮುಂದಕ್ಕೆ ಓಡಿಸಲಾಗದು. ರಿಮೋಟಿನ ಕಿರಣ ಗೋಡೆ ದಾಟುವುದಿಲ್ಲವಾದ್ದರಿಂದ ಅಪ್ಪಣೆಗಳೆಲ್ಲ ಬಾಯಿಂದಲೇ ಬಂದವು. “ಅತ್ತಿಗೆ, ಸ್ವಲ್ಪ ಹಿಂದಕ್ಕೆ ಹಾಕಿ, ಅಮ್ಮನಿಗೆ ಸೀರೆ ನೋಡಬೇಕಂತೆ” ಎಂದು ನಾದಿನಿ ಕೋಣೆಯಿಂದ ಕೂಗಿದಳು. ಹಿಂದಕ್ಕೆ ಹಾಕಿದರೆ, “ಆ ಮಾವಿನಕಾಯಿ ಅಂಚಿನ ಸೀರೆ ನನ್ನದು, ಉಟ್ಟಿರೋದು ಮಾತ್ರ ಅವಳು” ಎಂದು ಅತ್ತೆಯವರು ಮೂವತ್ತೊಂದು ವರ್ಷದ ಹಿಂದಿನ ಮೊಕದ್ದಮೆಯನ್ನು ಮತ್ತೆ ತೆರೆದರು.

ಮಾಂಗಲ್ಯಧಾರಣೆಯ ಹೊತ್ತಿಗೆ ನಾನು ಕಾಫಿ ತಟ್ಟೆ ಹಿಡಿದು ನಡುಮನೆಗೂ ಕೋಣೆಗೂ ನಡುವಿನ ಓಣಿಯಲ್ಲಿದ್ದೆ. ಗಟ್ಟಿಮೇಳ ಎರಡು ಸಲ ಕೇಳಿತು, ಬಾವಿಯೊಳಗೆ ಕೂಗಿದಂತೆ. ಅತ್ತೆಯವರ ಹಳೆಯ ಟಿವಿ ಬಂದ ಸಂಕೇತವನ್ನು ಬಂದ ಗಳಿಗೆಯಲ್ಲೇ ತೋರಿಸಿಬಿಡುತ್ತದೆ. ನಡುಮನೆಯ ಎಲ್‌ಇಡಿ ಟಿವಿ ಅದನ್ನು ಡಿಜಿಟಲ್ ಮಾಡಿ, ತಿದ್ದಿ, ಹಿಗ್ಗಿಸಿ, ಆಮೇಲೆ ತೋರಿಸುವಷ್ಟರಲ್ಲಿ ಸೆಕೆಂಡಿನ ಒಂದು ಚೂರು ಕಳೆದಿರುತ್ತದೆ. ಹೀಗಾಗಿ ನಾದಿನಿಗೆ ತಾಳಿ ಮೊದಲು ಬಿದ್ದದ್ದು ಅತ್ತೆಯವರ ಕೋಣೆಯಲ್ಲಿ.

ರಾತ್ರಿ ಎಲ್ಲರೂ ಹೊರಟ ಮೇಲೆ ಮೆಟ್ಟಿಲ ಕೆಳಗೆ ಕುಳಿತು ಯಾವ ವೈರು ಎಲ್ಲಿಗೆ ಎಂದು ಕಾಗದದ ಪಟ್ಟಿಗಳಲ್ಲಿ ಬರೆದು ಅಂಟಿಸಿದೆ. ಆರತಕ್ಷತೆಯ ಎರಡನೆಯ ಕ್ಯಾಸೆಟ್ಟಿನ ಸುರುಳಿಯ ಅಂಚಿಗೆ ಬಿಳಿಯ ಬೂಷ್ಟು ಹಿಡಿದಿದೆ; ಹಾಗೇ ಹಾಕಿದರೆ ವಿಸಿಆರ್‌ನ ಹೆಡ್ಡಿಗೂ ಅಂಟಿಕೊಳ್ಳುತ್ತದೆ ಎಂದು ಅದನ್ನು ತೆಗೆದಿಟ್ಟಿದ್ದೇನೆ. ಅತ್ತೆಯವರು ಮಾತ್ರ ಇದನ್ನು ಒಪ್ಪದೆ, 36ನೆಯ ಚಾನೆಲ್ಲನ್ನು ಹಾಗೆಯೇ ಇಟ್ಟುಕೊಂಡು ಮಲಗಿದ್ದಾರೆ.